ಅಳಿಯ ಹಾರಿಸಿದ ಬಂದೂಕು

ಹೋದ ವಾರ ನಮ್ಮ ಓಣಿಯಲ್ಲಿ ಮದುವೆಯ ಮೆರವಣಿಗೆ ಬಂತು. ಮುಂದೆ ಬಾಜಾ, ಹಿಂದೆ ಗರ್ನಾಲು. ಮೊದಲ ಗರ್ನಾಲು ಹಾರಿದ ಕೂಡಲೇ ನಾನು ಬಲಗಲ್ಲ ಮುಚ್ಚಿಕೊಂಡು ನೆಲಕ್ಕೆ ಕುಳಿತುಬಿಟ್ಟೆ. ಮಂದಿ ನಕ್ಕರು. "ಏ ಅಣ್ಣಾ, ಗರ್ನಾಲಕ್ಕ ಹಿಂಗ ಹೆದರಿದ್ರ ನಾಳಿ ಹೆಂಡ್ತಿ ಬಂದ್ರ ಏನ ಮಾಡ್ತೀ?" ಎಂದು ಬಾಜಾದವನೊಬ್ಬ ಕೇಳಿದ. ನನಗೆ ನಗು ಬರಲಿಲ್ಲ. ಸುಟ್ಟ ಮದ್ದಿನ ವಾಸನೆ ಮೂಗಿಗೆ ಹೊಡೆದರೆ ಆ ಒಂದು ವರ್ಷ ನೆನಪಾಗುತ್ತದೆ. ಅದನ್ನು ಬರೆಯುತ್ತೇನೆ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಚಂದ ಮಾಡಿ ಬರೆಯಲು ಬರುವುದಿಲ್ಲ, ಬಂದರೂ ಬರೆಯುವುದಿಲ್ಲ.

ಈ ಯುದ್ಧ ಶುರುವಾಗುವ ಮೊದಲಿನ ಮಾತು. ಅಪ್ಪ ಧಾರವಾಡದಲ್ಲಿ ಚಕ್ಕಡಿ ಹೊಡೆಯುತ್ತಿದ್ದ, ಅವ್ವ ಅಲ್ಲೇ ಮನೆಮನೆಗೆ ಬೆಣ್ಣೆ ಮಾರುತ್ತಿದ್ದಳು. ನಾನು ಹುಬ್ಬಳ್ಳಿಯ ಅರಳೆ ಗಿರಣಿಯಲ್ಲಿ ದುಡಿಯುತ್ತಿದ್ದೆ. ಮಳೆಗಾಲಕ್ಕೆ ಗಿರಣಿ ಮುಚ್ಚಿತು. ಕೆಲಸ ಹುಡುಕುತ್ತ ಹೋದವನನ್ನು ಹಳೇ ಹುಬ್ಬಳ್ಳಿಯ ವೀರಪ್ಪ ಮಾಲಕರು ಕುಲುಮೆಯ ತಿದಿ ಒತ್ತಲು ಇಟ್ಟುಕೊಂಡರು. ಅವರದು ಬಂದೂಕಿನ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಮುಂದೆ ಗಾದಿ ಹಾಕಿದ ಅಂಗಡಿ, ಹಿಂದೆ ಕುಲುಮೆ, ಅದರ ಹಿಂದೆ ಬಯಲಿಗೆ ತೆರೆಯುವ ಒಂದು ಬಾಗಿಲು. ಸರಕಾರದ ಪರವಾನಗಿ ಇತ್ತು. ಹೊಲಕ್ಕೆ ಬರುವ ಹಂದಿ ಹೊಡೆಯಲು ರೈತರಿಗೆ ಕೇಪಿನ ಬಂದೂಕು ಮಾಡಿ ಮಾರುತ್ತಿದ್ದರು. ಬಾಯಿಯಿಂದ ಮದ್ದು ಸುರಿದು, ಸಲಾಕೆಯಿಂದ ಜಡಿದು, ಹಿಂದೆ ಕೇಪು ಇಟ್ಟು ಹಾರಿಸುವ ಬಂದೂಕು ಅದು.

ಮಾಡುವವನು ಹುಸೇನಸಾಬ ಮಿಸ್ತ್ರಿ. ಹೊಸ ಬಂದೂಕು ತಯಾರಾದರೆ ಅವನು ಅದನ್ನು ಬಯಲಿನ ಒಂದು ಕಲ್ಲಿಗೆ ಬಿಗಿದು ಕಟ್ಟುತ್ತಿದ್ದ. ಎರಡು ಪಟ್ಟು ಮದ್ದು ಜಡಿಯುತ್ತಿದ್ದ. ಗೋಡೆಯ ಹಿಂದೆ ಕುಳಿತು ಹಗ್ಗ ಎಳೆಯುತ್ತಿದ್ದ. ನಳಿಗೆ ತಡೆದರೆ ಮಾರಾಟಕ್ಕೆ, ಸೀಳಿದರೆ ಕುಲುಮೆಗೆ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ.

ಆದರೆ ಗೋಡೆಯ ಹಿಂದಿನ ಈ ಕೆಲಸ ಗಿರಾಕಿಗೆ ಕಾಣುತ್ತಿರಲಿಲ್ಲ. ಗಿರಾಕಿಗೆ ಕಾಣುತ್ತಿದ್ದದ್ದು ಪೇಪರಿನಲ್ಲಿ ಬರುವ ಮುಂಬೈಯ ದೊಡ್ಡ ಅಂಗಡಿಗಳ ವಿಲಾಯತಿ ಬಂದೂಕಿನ ಚಿತ್ರ. ದೇಸಾಯರು ಅದನ್ನು ಕೊಳ್ಳುತ್ತಿದ್ದರು. ಗೌಡರು, ರೈತರು ನಮ್ಮ ಅಂಗಡಿಗೆ ಬಂದು ನಳಿಗೆಯನ್ನು ಎರಡೂ ಕಡೆಯಿಂದ ಇಣುಕಿ ನೋಡಿ, "ಇದ ಕೈ ತಿಂತೈತೇನ್ರಿ?" ಎಂದು ಕೇಳಿ ಹೋಗುತ್ತಿದ್ದರು. ಮಾಲಕರು ಹಂದಿಯ ಕತೆ ಹೇಳುತ್ತಿದ್ದರು. ಅದು ಸಾಲದಿದ್ದರೆ ದರೋಡೆಕೋರರ ಕತೆ. ಕಲಘಟಗಿಯ ಕಡೆಯವರು ಬಂದರೆ ದರೋಡೆ ಮಲಪ್ರಭೆಯ ಆಚೆ ಆಗಿರುತ್ತಿತ್ತು. ಮಲಪ್ರಭೆಯ ಕಡೆಯವರು ಬಂದರೆ ತುಂಗಭದ್ರೆಯ ಆಚೆ. ಮಂದಿ ಹೆದರುತ್ತಿದ್ದರು, ಆದರೆ ಕೊಳ್ಳುತ್ತಿರಲಿಲ್ಲ. ದರೋಡೆಗಿಂತ ಬಂದೂಕಿಗೇ ಹೆಚ್ಚು ಹೆದರುತ್ತಿದ್ದರು.

ಶ್ರಾವಣದಲ್ಲಿ ಕಲಘಟಗಿಯ ಕಡೆಯ ಒಂದು ಹಳ್ಳಿಯಿಂದ ಗೌಡರೊಬ್ಬರು ಬಂದರು. ಜೊತೆಗೆ ಮಗ ಶಿವನಗೌಡ, ನನ್ನದೇ ವಯಸ್ಸು. ಗೌಡರು ಬಂದೂಕು ಕೈಯಲ್ಲಿ ಹಿಡಿದು, ಇಟ್ಟು, ಮತ್ತೆ ಹಿಡಿದು ಹೇಳಿದರು: "ಯಾರರೆ ನನ್ನ ಕಣ್ಣ ಮುಂದ ಹಾರಿಸಿ ತೋರಿಸ್ರಿ. ಗಲ್ಲಕ್ಕ ಹಚ್ಚಿ ಹಾರಿಸ್ಬೇಕ."

ಮಿಸ್ತ್ರಿ ಸಂತೆಗೆ ಹೋಗಿದ್ದ. ಮಾಲಕರಿಗೆ ಒಂದು ಕಣ್ಣಲ್ಲಿ ಪೊರೆ. ಅವರು ಸುತ್ತ ನೋಡಿ ನನ್ನನ್ನು ಕರೆದರು. ಒಳಗೆ ಹೋಗಿ ತಾವೇ ಮದ್ದು ಜಡಿದು ತಂದು ನನ್ನ ಕೈಗೆ ಕೊಟ್ಟರು. ಜಾಲಿ ಗಿಡಕ್ಕೆ ಒಡಕು ಗಡಿಗೆ ತೂಗಿಬಿಟ್ಟಿತ್ತು. ಹಾರಿಸಿದೆ. ಗಡಿಗೆ ಚೂರಾಯಿತು.

"ಛಲೋ ಹಾರಿಸ್ದ. ಯಾರ ಇವಾ? ಆಳೇನು?" ಎಂದರು ಗೌಡರು. "ಆಳಿನ ಜೀವಾ ಪಣಕ್ಕ ಹಚ್ಚಿ ಯಾವ ಸಾಹುಕಾರನೂ ಮಾಲ ಮಾರ್ತಾನ್ರಿ. ಅದ ದೊಡ್ಡ ಮಾತಲ್ಲ."

ಮಾಲಕರು ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದರು: "ಆಳ ಅಲ್ರಿ ಗೌಡ್ರ. ನಮ್ಮ ಅಕ್ಕನ ಮಗ."

"ಅಕ್ಕನ ಮಗ! ಹಂಗಾರ ಮಗಳನ್ನ ಇವಗ ಕೊಡಾವ್ರೇನು?"

"ಮತ್ತ್ಯಾರಿಗೆ ಕೊಡೋಣ್ರಿ? ಬರೂ ವರ್ಷ ಅಕ್ಕಿಕಾಳ."

ಗೌಡರು ನಕ್ಕರು. ಚೌಕಾಸಿಯೇ ಇಲ್ಲ, ಬಂದೂಕು ಮಾರಿಹೋಯಿತು. ತನ್ನ ಅಕ್ಕನ ಮಗ, ಅದರ ಮೇಲೆ ಮಗಳ ಗಂಡ ಆಗುವವನ ಗಲ್ಲಕ್ಕೆ ಯಾವನೂ ಕೆಟ್ಟ ಬಂದೂಕು ಹಚ್ಚಿಸುವುದಿಲ್ಲ. ನಮ್ಮ ಕಡೆ ಇದಕ್ಕಿಂತ ದೊಡ್ಡ ಖಾತ್ರಿ ಇಲ್ಲ. ಶಿವನಗೌಡ ಹೋಗುವಾಗ ನನ್ನ ಹೆಗಲು ಗುದ್ದಿ, "ಅಳಿಯಾ, ಲಗ್ನಕ್ಕ ಕರಿಯೋ. ನಿಮ್ಮ ಬಂದೂಕಲೇ ಗರ್ನಾಲ ಹಾರಸ್ತೇನಿ" ಎಂದ.

ಮಾಲಕರಿಗೆ ದಾರಿ ಸಿಕ್ಕಿತು. ನನಗೆ ಒಂದು ಜರಿಯಂಚಿನ ರುಮಾಲು ಕೊಟ್ಟರು, ಬೆರಳಿಗೊಂದು ಉಂಗುರ. ಗಿರಾಕಿ ಬಂದರೆ ತಿದಿ ಬಿಟ್ಟು ಮುಖ ತೊಳೆದು ರುಮಾಲು ಸುತ್ತಿ ಬರಬೇಕು. "ನಮ್ಮ ಅಳ್ಯಾ" ಎಂದು ಹೆಗಲ ಮೇಲೆ ಕೈ ಹಾಕುತ್ತಿದ್ದರು. ಗಿರಾಕಿ ಹೋದ ಮೇಲೆ, "ಏ, ಉಂಗರ ತಗದ ಇಡು. ಇದ್ದಲಿ ಒಡಿ" ಎನ್ನುತ್ತಿದ್ದರು. ಮಗಳು ಗಂಗವ್ವ ನೀರಿನ ತಂಬಿಗೆ ತಂದು ಇಟ್ಟು ಹೋಗುತ್ತಿದ್ದಳು. ಆಕೆಗೆ ಈ ವಿಷಯ ಗೊತ್ತಿರಲಿಲ್ಲ. ನನಗೂ ಆಕೆಯ ಮೇಲೆ ಮನಸ್ಸೇನೂ ಇರಲಿಲ್ಲ. ಹೊಟ್ಟೆ ತುಂಬುತ್ತಿತ್ತು, ಅಷ್ಟೇ.

ಬಂದೂಕು ಸರಸರ ಹೋಗತೊಡಗಿದವು. ಜೋಳ ತೆನೆ ಹಿಡಿಯುವುದರೊಳಗೆ ಎಲ್ಲರಿಗೂ ಬೇಕು. ಆದರೆ ಮುಂಬೈಯಿಂದ ಬರುವ ನಳಿಗೆಯ ಕಬ್ಬಿಣ ಶ್ರಾವಣದ ಮೊದಲೇ ನಿಂತಿತ್ತು, ಅದು ನನಗೆ ಗೊತ್ತಿರಲಿಲ್ಲ.

ಒಂದು ದಿನ ಹೊಸ ಬಂದೂಕಿನ ನಳಿಗೆ ಒರೆಸುತ್ತಿದ್ದೆ. ಬೆರಳಿಗೆ ಉದ್ದಕ್ಕೂ ಒಂದು ಗೆರೆ ಹತ್ತಿತು. ಕಣ್ಣಿಗೆ ಕಾಣುವುದಿಲ್ಲ, ಮೇಲೆ ಬಣ್ಣ ಬಳಿದಿದೆ. ಬೆರಳಿಗೆ ಮಾತ್ರ ಹತ್ತುತ್ತದೆ. ಮಿಸ್ತ್ರಿಯನ್ನು ಕೇಳಿದೆ. ಅವನು ಮೊದಲು ಬಾಗಿಲ ಕಡೆ ನೋಡಿದ.

"ನೀರಿನ ಪೈಪ್ ಅದು ಬೇಟಾ. ಮುರದ ಪಂಪಿಂದು. ಆ ಗೆರಿ ಬೆಸಗಿ. ಶ್ರಾವಣದಿಂದ ಅವನ್ನ ಹಾಕಾಕತ್ತೇವಿ. ಆ ಗೌಡ್ರಿಗೆ ಕೊಟ್ಟದ್ದ ಮೊದಲಿಂದು."

"ಕಲ್ಲಿಗೆ ಕಟ್ಟಿ ಹಾರಿಸಿ ನೋಡೀರಿಲ್ಲೋ?"

"ಎಲ್ಲಿ ಬಿಡ್ತಾರ? ದಸರಾ ಬಂತು, ಟೈಮಿಲ್ಲ ಅಂತಾರ. ಒಂದ ಕಟ್ಟಿ ನೋಡಿದ್ನಿ, ಸೀಳಿ ಹೂವಾತು. ಅವತ್ತಿಂದ ಹಗ್ಗನ ಮುಚ್ಚಿಟ್ಟಾರ."

"ಮತ್ತ ನಾ ಹಾರಸಾಕತ್ತೇನಲ್ಲಾ?"

"ಅದಕ್ಕ ಅವರ ಒಳಗ ಹೋಗಿ ಮದ್ದ ಜಡದ ತರ್ತಾರ. ಅರ್ಧಾ ಜಡೀತಾರ. ಅರ್ಧಾ ಮದ್ದಿಗೆ ಗಡಗಿ ಒಡೀತೈತಿ, ಹಂದಿ ಸಾಯೂದಿಲ್ಲ. ಊರಾಗಿನವರು ಪೂರಾ ಜಡೀತಾರ." ಮಿಸ್ತ್ರಿ ನನ್ನ ಗಲ್ಲ ಮುಟ್ಟಿ ಹೇಳಿದ: "ಅರ್ಧಾನೂ ನಂಬಬ್ಯಾಡ. ಗಲ್ಲ ಹಚ್ಚಬ್ಯಾಡ."

ಅವತ್ತಿನಿಂದ ನನಗೆ ಹೆದರಿಕೆ ಹೊಕ್ಕಿತು. ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಬಲಗಡೆ ಇಲ್ಲದಂತೆ ಕಾಣುತ್ತಿತ್ತು. ಬಂದೂಕು ಎತ್ತಿದಾಗ ಕಣ್ಣು ಗಡಿಗೆಯ ಮೇಲೆ ಇರುತ್ತಿರಲಿಲ್ಲ, ಆ ಗೆರೆ ಯಾವ ಕಡೆ ಇದೆ ಎಂದು ಹುಡುಕುತ್ತಿತ್ತು. ಮಾಲಕರಿಗೆ ಹೇಳಿದೆ, ನಾನು ಒಲ್ಲೆ ಎಂದು. ಅವರು ಸಿಟ್ಟಾಗಲಿಲ್ಲ. ಮೆತ್ತಗೆ ಹೇಳಿದರು.

"ಒಲ್ಲೆ ಅಂದ್ರ ಹೋಗಪ್ಪಾ. ಆದ್ರ ಒಂದ ವಿಚಾರ ಮಾಡು. ನಾಳಿ ಎಲ್ಯರೆ ಏನರೆ ಆತಂದ್ರ ಮಂದಿ ಯಾರನ್ನ ಹೇಳ್ತಾರ? ಹಾರಿಸಿ ತೋರಿಸಿದಾವ ನೀನ. ಪೋಲೀಸರ ಬಂದ್ರ, ನಾ ಕುಲುಮಿ ಕಡೆ ಹೋಗಾವನ ಅಲ್ಲ ಅಂತೇನಿ."

ಆಮೇಲೆ ದನಿ ಬದಲಿಸಿ, "ನನಗೇನ ಹೌಸೇನು? ಮುಂಬೈದವರಿಗೆ ಚಿತ್ರ ಅದಾವ, ಸಾಹೇಬರ ಅದಾರ. ನನಗೇನೈತಿ? ಮಂದಿ ನಂಬಿಕಿ ಒಂದ. ಈ ಸುಗ್ಗಿ ದಾಟ್ಲಿ, ಕಬ್ಬಿಣ ಬರ್ತೈತಿ, ಎಲ್ಲಾ ಸರಿ ಮಾಡೂಣು" ಎಂದರು. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನಿಸಲಿಲ್ಲ. ಅದಕ್ಕೇ ಇನ್ನೂ ಹೆದರಿಕೆಯಾಯಿತು.

ನವಮಿ ಬಂತು, ಆಯುಧಗಳಿಗೆ ಖಂಡೇಪೂಜೆ. ಕಾರ್ಖಾನೆ ತೊಳೆದು, ಬಂದೂಕುಗಳನ್ನು ಸಾಲಾಗಿ ಕಂಬಳಿಯ ಮೇಲೆ ಇಟ್ಟು, ಕುಂಕುಮ ಹಚ್ಚಿ, ಚೆಂಡುಹೂವು ಇಟ್ಟಿದ್ದರು. ಮಾಲಕರ ಮನೆಮಂದಿ ಎಲ್ಲ ಬಂದಿದ್ದರು. ಗಂಗವ್ವ ಇಲಕಲ್ಲ ಸೀರೆ ಉಟ್ಟು ಆರತಿ ಹಿಡಿದು ನಿಂತಿದ್ದಳು. ಆಗ ಒಬ್ಬ ಗಿರಾಕಿ ಬಂದ. ಮೊದಲಿನ ಯುದ್ಧದಲ್ಲಿ ಸುಬೇದಾರನಾಗಿ ಕಡಲು ದಾಟಿ ಬಂದವನಂತೆ. ಬಿಳಿ ಮೀಸೆ, ನೆಟ್ಟಗಿನ ಬೆನ್ನು. ಬಂದೂಕು ಬೇಕೆಂದ. ಮಾಲಕರು ನನ್ನ ಹೆಗಲ ಮೇಲೆ ಕೈ ಹಾಕಿ "ನಮ್ಮ ಅಳ್ಯಾ" ಎಂದು ಶುರು ಮಾಡಿ, ಒಳಗಿನ ಮದ್ದಿನ ಕೋಣೆಗೆ ಹೊರಟರು.

"ಎಲ್ಲಿ ಹೊಂಟ್ರಿ ಸಾಹುಕಾರ್ರ? ಮದ್ದ ಇಲ್ಲೆ ತರ್ರಿ" ಎಂದ ಸುಬೇದಾರ. "ನಾನ ಜಡೀತೇನಿ. ನನ್ನ ಹೊಲದ ಹಂದಿ ಎಷ್ಟ ದೊಡ್ಡದಂತ ನನಗ ಗೊತ್ತೈತಿ."

ಬೇಡ ಎನ್ನಲು ಕಾರಣವಿರಲಿಲ್ಲ. ಸುಬೇದಾರ ಮದ್ದು ಸುರಿದ. ಇನ್ನೂ ಸುರಿದ. ಸಲಾಕೆಯಿಂದ ಜಡಿಯುವ ಒಂದೊಂದು ಏಟೂ ನನ್ನ ಎದೆಯೊಳಗೆ ಬಿದ್ದಂತಾಗುತ್ತಿತ್ತು. ಮಿಸ್ತ್ರಿ ಕುಲುಮೆಯ ಹತ್ತಿರ ನಿಂತು ನೆಲ ನೋಡುತ್ತಿದ್ದ. ಸುಬೇದಾರ ಕೇಪು ಇಟ್ಟು ಬಂದೂಕನ್ನು ನನ್ನ ಕೈಗೆ ಕೊಟ್ಟ. ನನ್ನ ಬೆರಳಿಗೆ ಗೆರೆ ಹತ್ತಿತು. ಗಲ್ಲದ ಕಡೆಗೇ ಇತ್ತು.

ಅಷ್ಟರಲ್ಲಿ ಮುಂದಿನ ಬಾಗಿಲಿಂದ ಅವ್ವನ ದನಿ ಕೇಳಿಸಿತು.

"ಅಯ್ಯ, ಎಲ್ಲಾರೂ ಇಲ್ಲೇ ಅದೀರಿ!"

ಕೈಯಲ್ಲಿ ತೆಂಗಿನಕಾಯಿ, ಹಸಿರು ಖಣ, ಎಲೆ ಅಡಿಕೆ. ಧಾರವಾಡದಿಂದ ರೈಲಿಗೆ ಬಂದಿದ್ದಳು. ಬೆಣ್ಣೆ ಕೊಡುವ ಮನೆಯೊಂದರಲ್ಲಿ ಯಾರೋ ಹೇಳಿದ್ದರಂತೆ, ಹುಬ್ಬಳ್ಳಿಯ ಬಂದೂಕಿನ ಸಾಹುಕಾರರು ನಿನ್ನ ಮಗನಿಗೆ ಮಗಳನ್ನು ಕೊಡುತ್ತಾರೆ ಎಂದು.

"ನನ್ನ ಅಕ್ಕಾ ಅಂತ ಕರದೀರಂತ, ಅಣ್ಣಾರ" ಎಂದು ಅವ್ವ ಮಾಲಕರಿಗೆ ಕೈ ಮುಗಿದಳು. ಕಣ್ಣಲ್ಲಿ ನೀರು. "ನಮ್ಮಂಥಾವರ ಮನಿಗೆ ನಿಮ್ಮ ಮಗಳು! ಅದಕ್ಕ ನವಮಿ ದಿನ ನೋಡಿ ಉಡಿ ತುಂಬಾಕ ಬಂದೆ."

ಗಂಗವ್ವನ ಕೈಯಲ್ಲಿ ಆರತಿ ಅಲುಗಿತು. ಮಾಲಕರ ಹೆಂಡತಿ ಬಾಯಿ ತೆರೆದಳು, ಮಾಲಕರು ಕಣ್ಣು ಬಿಟ್ಟು ನೋಡಿದರು, ಆಕೆ ಮುಚ್ಚಿದಳು. ಸುಬೇದಾರ ಎದುರಿಗೇ ನಿಂತಿದ್ದ.

"ಬರ್ರಿ ಅಕ್ಕಾರ" ಎಂದರು ಮಾಲಕರು. "ಕುಂಡ್ರಿ. ಅಳ್ಯಾ ಒಂದ ಸುತ್ತ ಹಾರಿಸಿ ಬರ್ಲಿ, ಆಮ್ಯಾಲ ತುಂಬೀರಂತ."

ಅವ್ವ ಆಗ ನನ್ನನ್ನು ನೋಡಿದಳು. ನಾನು ಬಂದೂಕು ಹಾರಿಸುತ್ತೇನೆ ಎಂಬುದು ಆಕೆಗೆ ಗೊತ್ತಿರಲಿಲ್ಲ.

"ಯಾಕೋ ಹಿಂಗ ಬೆವತೀ?" ಎಂದಳು. ಆಕೆ ಮಾಲಕರ ಕಡೆ ತಿರುಗಿದಳು. "ಅಣ್ಣಾರ, ಇದೇನ ಸಿಡಿಯೂದಿಲ್ಲಲ್ಲಾ?"

"ಏನ ಅಂತೀರಿ ಅಕ್ಕಾರ! ನನ್ನ ಅಳಿಯಗ ನಾ ಕೆಡಕ ಮಾಡ್ತೇನು?"

"ಇಲ್ಲ ಬಿಡ್ರಿ. ಆದರೂ ಹೆತ್ತ ಹೊಟ್ಟಿ ನೋಡ್ರಿ, ಕೇಳೂದಿಲ್ಲ. ಮಗಳ ತಲಿ ಮ್ಯಾಲ ಒಮ್ಮಿ ಕೈ ಇಟ್ಟ ಹೇಳಿಬಿಡ್ರಿ, ನನಗ ಸಮಾಧಾನ ಆಕ್ಕೈತಿ."

ಅವ್ವನಿಗೆ ಸಂಶಯವೇನೂ ಇರಲಿಲ್ಲ. ಹೆಂಗಸರು ಕೇಳುವ ಹಾಗೆ ಕೇಳಿದಳು. ಮಾಲಕರು ನಕ್ಕರು. ಗಂಗವ್ವನ ಕಡೆ ಒಂದು ಹೆಜ್ಜೆ ಇಟ್ಟು ಕೈ ಎತ್ತಿದರು. ಕೈ ಆಕೆಯ ಮುಡಿಯ ಹೂವಿನ ತನಕ ಹೋಯಿತು. ಅಲ್ಲೇ ನಿಂತಿತು. ಗಂಗವ್ವ ಕತ್ತು ಹೊರಳಿಸಿ ಅಪ್ಪನ ಮುಖ ನೋಡಿದಳು. ಮಾಲಕರ ಮುಖದಲ್ಲಿ ನಗು ಹಾಗೇ ಇತ್ತು, ಆದರೆ ತುಟಿ ಒಣಗಿತ್ತು. ಎಷ್ಟೋ ಮಂದಿಯ ಮುಂದೆ ನನ್ನ ಹೆಗಲ ಮೇಲೆ ಸಲೀಸಾಗಿ ಬಿದ್ದ ಕೈ ಅದು. ಮಗಳ ತಲೆಯ ಮೇಲೆ ಇಳಿಯಲಿಲ್ಲ.

"ಖಂಡೇಪೂಜಿ ದಿನಾ ಆಣಿ ಮಾಡಬಾರ್ದ ಅಕ್ಕಾರ" ಎಂದು ಕೈ ಕೆಳಗಿಳಿಸಿದರು.

ಸುಬೇದಾರ ನನ್ನ ಕೈಯಿಂದ ಬಂದೂಕು ತೆಗೆದುಕೊಂಡ. ಕೇಪು ಕಿತ್ತು ಎಸೆದು, ಬಂದೂಕನ್ನು ಕಂಬಳಿಯ ಮೇಲೆ ಮಲಗಿಸಿದ. "ಖರೇ ಐತ್ರಿ, ಮಾಡಬಾರ್ದು" ಎಂದ. ಆಮೇಲೆ ಅವ್ವನಿಗೆ, "ತಂಗೀ, ಮಗನ್ನ ಕರಕೊಂಡ ಮನಿಗೆ ಹೋಗು. ಲಗೂ ಹೋಗು" ಎಂದ.

ಅವ್ವ ಖಣವನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಧಾರವಾಡ ಮುಟ್ಟುವ ತನಕ ನನ್ನ ಬಲಗೈ ಬಿಡಲಿಲ್ಲ.

ನನ್ನ ಜೀವ ಉಳಿಯಿತು. ಆದರೆ ಹೆದರಿಕೆ ಹೋಗಲಿಲ್ಲ, ಬೇರೆ ಕಡೆ ತಿರುಗಿತು. ಶಿವನಗೌಡನ ಗಲ್ಲ ಕಣ್ಣ ಮುಂದೆ ಬರತೊಡಗಿತು. ದಸರೆ ಮುಗಿದ ಮೇಲೆ ಅಪ್ಪನ ಗೆಳೆಯನ ಚಕ್ಕಡಿ ಹತ್ತಿ ಅವನ ಊರಿಗೆ ಹೋದೆ.

ಅವನು ಜೋಳದ ಹೊಲದ ನಡುವೆ ಅಟ್ಟದ ಮೇಲೆ ಕುಳಿತು ಗಿಳಿ ಓಡಿಸುತ್ತಿದ್ದ. ಬಂದೂಕು ತೊಡೆಯ ಮೇಲಿತ್ತು. "ಏ ಅಳಿಯಾ!" ಎಂದು ಮೇಲಿಂದಲೇ ಕೂಗಿದ. ನಾನು ಎಲ್ಲ ಹೇಳಿದೆ. ನೀರಿನ ಪೈಪು, ಬೆಸುಗೆ, ಅರ್ಧ ಮದ್ದು. ಅವನು ಕೇಳಿ ಮುಗಿಸಿ ತೊಡೆ ತಟ್ಟಿಕೊಂಡು ನಕ್ಕ.

"ಮಾವ ಹುಡುಗಿ ಕೊಡಾಂಗಿಲ್ಲ ಅಂದಾನಂತಲ್ಲ? ನಿಮ್ಮವ್ವ ಜಗಳಾ ತಗದ್ಲಂತ, ಸಂಬಂಧ ಮುರದಬಿತ್ತಂತ. ಸಂತ್ಯಾಗ ಕೇಳೇನಿ. ಅದಕ್ಕ ಮಾವನ ಮಾಲ ಕೆಟ್ಟಾತೇನ?"

"ಮಾವನೂ ಅಲ್ಲ, ಏನೂ ಅಲ್ಲೋ. ನಾ ತಿದಿ ಒತ್ತಾವ."

"ಹಂಗಾರ ಅವತ್ತ ಸುಳ್ಳ ಹೇಳಿದ್ರಿ. ಇವತ್ತ ಖರೇ ಹೇಳಾಕತ್ತಿ ಅಂತ ನಾ ಹೆಂಗ ನಂಬ್ಲಿ?"

ಗಿಡಕ್ಕೆ ಕಟ್ಟಿ ಹಗ್ಗದಿಂದ ಎಳೆದು ನೋಡು ಎಂದೆ. "ಹೊಸಾ ಬಂದೂಕ ಕೆಡಸಾಕ ಕಳಿಸಿದಾರೇನ ನಿನ್ನ?" ಎಂದು ಅವನು ಅಲ್ಲೇ ಗಲ್ಲಕ್ಕೆ ಹಚ್ಚಿ ಆಕಾಶಕ್ಕೆ ಹಾರಿಸಿದ. ನಾನು ಜೋಳದೊಳಗೆ ಬೋರಲು ಬಿದ್ದೆ. ಏನೂ ಆಗಲಿಲ್ಲ. ಗಿಳಿ ಎದ್ದವು. "ನೋಡ್ದಿ? ಹೋಗು, ಹೋಗಿ ಮಾವನ ಕಾಲ ಹಿಡಿ" ಎಂದ.

ಹೊರಟೆ. ಹೊಲದ ಬದು ದಾಟುವಾಗ ಹಿಂದೆ ಮತ್ತೊಂದು ಗುಂಡಿನ ಸಪ್ಪಳ. ನಿಂತೆ. ಅವನು ಗಿಳಿಗಳಿಗೆ ಬೈಯುವ ದನಿ ಕೇಳಿಸಿತು. ನಡೆದೆ. ಹಳ್ಳದ ಹತ್ತಿರ ಇನ್ನೊಂದು ಸಪ್ಪಳ. ನಿಂತೆ. ದನಿ ಬರಲಿಲ್ಲ. ಗಾಳಿ ಆಚೆ ಕಡೆ ಬೀಸುತ್ತಿತ್ತು, ಅಷ್ಟೇ ಇರಬೇಕು ಎಂದುಕೊಂಡೆ. ಕಾಲು ಕೇಳಲಿಲ್ಲ. ಹೊಳ್ಳಿ ಓಡಿದೆ. ಬದುವಿನ ಮುಳ್ಳು ತುಳಿದು, ಜೋಳದ ಎಲೆ ಮುಖಕ್ಕೆ ಹೊಡೆಸಿಕೊಂಡು, ಅವನ ಹೆಸರು ಕೂಗುತ್ತ ಓಡಿದೆ.

ಅವನು ಅಟ್ಟದ ಮೇಲೆ ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದ. ಮುಖ ಪೂರ್ತಿ ಇತ್ತು. ಅದನ್ನು ನೋಡಿ ನಾನು ಸಣ್ಣ ಹುಡುಗನ ಹಾಗೆ ಅತ್ತೆ.

ಅವನು ತಂಬಿಗೆ ಕೆಳಗಿಟ್ಟ. ನನ್ನ ಕಾಲಿನ ರಕ್ತ ನೋಡಿದ. ಆಮೇಲೆ ಬಂದೂಕನ್ನು ಮೈಯಿಂದ ದೂರ ಹಿಡಿದು ಅಟ್ಟ ಇಳಿದ.

"ಬಾವಿ ಹಗ್ಗ ಐತಿ. ತರ್ಲೇನ?" ಎಂದ.

ಬೇವಿನ ಗಿಡಕ್ಕೆ ಕಟ್ಟಿದೆವು. ಅವನೇ ಎರಡು ಪಟ್ಟು ಜಡಿದ. ಬದುವಿನ ಹಿಂದೆ ಮಲಗಿ ಹಗ್ಗ ಎಳೆದ. ಎದ್ದು ನೋಡಿದರೆ ನಳಿಗೆ ಬೆಸುಗೆಯ ಗೆರೆಗುಂಟ ಬಾಯಿ ಬಿಟ್ಟಿತ್ತು. ಗಿಡದ ತೊಗಟೆ ಆಳವಾಗಿ ಹರಿದುಹೋಗಿತ್ತು, ನಿಂತು ಹಾರಿಸುವವನ ಗಲ್ಲದ ಎತ್ತರಕ್ಕೆ. ಶಿವನಗೌಡ ಅದನ್ನು ಬೆರಳಿಂದ ಮುಟ್ಟಿದ. ಆಮೇಲೆ ತನ್ನ ಕೆನ್ನೆ ಮುಟ್ಟಿಕೊಂಡ.

ಆ ಚಳಿಗಾಲವೆಲ್ಲ ಆ ಸೀಳಿದ ನಳಿಗೆ ಹೊತ್ತುಕೊಂಡು ಇಬ್ಬರೂ ಊರೂರು ತಿರುಗಿದೆವು. ಮಾತು ಅವನದು. ನಾನು ಬಾಯಿ ತೆರೆದರೆ "ಮುರದಬಿದ್ದ ಅಳ್ಯಾ ಬಂದಾ" ಎನ್ನುತ್ತಿದ್ದರು. ಬಹಳ ಮಂದಿ ನಳಿಗೆ ನೋಡಿ ನಂಬಿದರು. ಕೆಲವರು ನಮ್ಮ ಮುಂದೆಯೇ ಬಂದೂಕನ್ನು ಬಾವಿಗೆ ಎಸೆದರು. ಸುದ್ದಿ ಹರಡಿತು, ಮಾಲಕರು ಕಾರ್ಖಾನೆ ಮುಚ್ಚಿದರು. ಹುಸೇನಸಾಬ ಈಗ ಚಕ್ಕಡಿ ಗಾಲಿಗೆ ಪಟ್ಟಿ ಕಟ್ಟುತ್ತಾನೆ.

ಆದರೆ ಎಲ್ಲ ಬಂದೂಕೂ ಸಿಗಲಿಲ್ಲ. ಒಬ್ಬ ತನ್ನದನ್ನು ಬೇರೆ ಯಾರಿಗೋ ಮಾರಿದ್ದ, ಅವನು ಇನ್ನೊಬ್ಬನಿಗೆ ಕೊಟ್ಟಿದ್ದ. ಆ ಇನ್ನೊಬ್ಬ ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಅದನ್ನು ನಾನೇ ಹಾರಿಸಿ ತೋರಿಸಿದ್ದೆ, ಚೆನ್ನಾಗಿ ನೆನಪಿದೆ. ಶಿವಣಿ ಕಟ್ಟಿಗೆಯ ಹಿಡಿ, ಅದರ ಮೇಲೆ ಹಿತ್ತಾಳೆಯ ನವಿಲು ಕೂಡಿಸಿದೆ. ನವಿಲಿನ ಒಂದು ಕಾಲು ಮುರಿದಿದೆ. ಈ ಬರಹ ಓದಿದವರ ಮನೆಯ ಗೂಟಕ್ಕೆ ಅಂಥ ಬಂದೂಕು ಇದ್ದರೆ, ಯಾರ ಅಳಿಯ ಹಾರಿಸಿದ್ದಾನೆ ಎಂದು ಕೇಳಬೇಡಿ. ನಳಿಗೆಯ ಉದ್ದಕ್ಕೂ ಬೆರಳು ಆಡಿಸಿ ನೋಡಿ. ಗೆರೆ ಹತ್ತಿದರೆ ಗಲ್ಲಕ್ಕೆ ಹಚ್ಚಬೇಡಿ.